ಖಾಲಿ ಸೀಸೆಯ ಒಕ್ಕಲು

ಎರಡು ವರ್ಷದ ಸಮುದ್ರ ಒಂದೇ ಬೆಳಿಗ್ಗೆ ಓದಲು ಸಿಗುತ್ತದೆ ಎಂದರೆ ಯಾರ ಕಾಲು ತಾನೇ ನೆಲದ ಮೇಲೆ ನಿಲ್ಲುತ್ತದೆ? ಆ ಸೋಮವಾರ ಪ್ರಯೋಗಾಲಯದವರೆಲ್ಲ ಬೀಗ ತೆಗೆಯುವ ಮೊದಲೇ ಬಂದು ಬಾಗಿಲಲ್ಲಿ ಕಾಯುತ್ತಿದ್ದರು. ಸೋಸಕ್ಕ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು. ಅದು ಹಿಮ್ಮಡಿ ಕಚ್ಚುತ್ತಿತ್ತು. ಆದರೂ ಕುಂಟುತ್ತಲೇ ಯಂತ್ರದ ಮೇಜನ್ನು ಮೂರು ಸಲ ಸುತ್ತಿ ಬಂದಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

ಸೋಸಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹನ್ನೊಂದು ವರ್ಷದಿಂದ ಸಮುದ್ರದ ನೀರು ಸೋಸುವುದೇ ಅವಳ ಕೆಲಸವಾದ್ದರಿಂದ ಯಾರೋ ಹಾಗೆ ಕರೆದರು, ಅದೇ ಅಂಟಿಕೊಂಡಿತು. ಈಗ ನಿಜವಾದ ಹೆಸರು ಹಿಡಿದು ಕೂಗಿದರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವಳೇ ಅತ್ತಿತ್ತ ನೋಡುತ್ತಾಳೆ. ತಿಂಗಳಿಗೊಮ್ಮೆ ದೋಣಿಯಲ್ಲಿ ಹೋಗಿ, ಪ್ರತಿಸಲವೂ ಅದೇ ಜಾಗದಿಂದ ನೀರು ತಂದು, ಜೆಟ್ಟಿಯ ತುದಿಯ ತಗಡು ಚಾವಣಿಯ ಕೋಣೆಯಲ್ಲಿ ಕೂತು ಅದನ್ನು ಬಿಳಿಯ ಫಿಲ್ಟರ್ ಹಾಳೆಯ ಮೇಲೆ ಸುರಿಯುತ್ತಾಳೆ. ಆ ಹಾಳೆಯ ತೂತುಗಳು ಎಷ್ಟು ಸಣ್ಣವೆಂದರೆ, ಐದು ಸಾವಿರ ತೂತುಗಳನ್ನು ಒತ್ತೊತ್ತಾಗಿ ಸಾಲು ನಿಲ್ಲಿಸಿದರೆ ಒಂದು ಮಿಲಿಮೀಟರ್ ತುಂಬುತ್ತದೆ. ನೀರು ಕೆಳಗಿಳಿಯುತ್ತದೆ, ಕಣ್ಣಿಗೆ ಕಾಣದ ಜೀವಿಗಳು ಹಾಳೆಯ ಮೇಲೆ ಉಳಿಯುತ್ತವೆ. ಹಾಳೆ ಫ್ರೀಜರಿಗೆ ಹೋಗುತ್ತದೆ. ಕೆಳಗಿಳಿದ ನೀರಿಗೆ ಆ ಕೋಣೆಯಲ್ಲಿ ಒಂದು ಹೆಸರೇ ಇತ್ತು: ಸತ್ತ ನೀರು. ಜೀವ ಇರುವುದೆಲ್ಲ ಮೇಲೆ ಉಳಿದ ಮೇಲೆ ಅದರಲ್ಲಿ ಇನ್ನೇನಿದ್ದೀತು ಎಂಬ ಲೆಕ್ಕ.

ಹೀಗೆ ಇಪ್ಪತ್ತನಾಲ್ಕು ತಿಂಗಳ ಹಾಳೆಗಳು ಸೇರಿದ ಮೇಲೆ, ಎಲ್ಲದರ ಡಿಎನ್‌ಎಯನ್ನೂ ತೆಗೆದು ಒಂದೇ ಸಲಕ್ಕೆ ಯಂತ್ರಕ್ಕೆ ಓದಲು ಕೊಟ್ಟಿದ್ದರು. ಯಂತ್ರ ಓದಿದ್ದನ್ನು ಬಿಡಿಸಿ ಹೇಳುವವನು ಒಬ್ಬನಿದ್ದ, ನಲವತ್ತರ ಹತ್ತಿರದ, ತಲೆ ಬಾಚದ ಕಂಪ್ಯೂಟರಿನವನು. ಡಿಎನ್‌ಎ ಬರವಣಿಗೆಯಲ್ಲಿ ಇರುವುದೇ ನಾಲ್ಕು ಅಕ್ಷರ. ಇವನು ಬೆಳಗಿನಿಂದ ಸಂಜೆಯವರೆಗೂ ಓದುವುದು ಆ ನಾಲ್ಕನ್ನೇ. ಹಾಗಾಗಿ ಅವನು ನಾಲ್ಕಕ್ಷರ. ಅಷ್ಟೊಂದು ಓದಿ ಕೊನೆಗೆ ನಾಲ್ಕಕ್ಷರ ಕಲಿತವನು ಅನಿಸಿಕೊಂಡೆನಲ್ಲ ಎಂದು ಅವನೇ ನಗುತ್ತಿದ್ದ.

"ಮೊದಲನೇ ತಿಂಗಳು, ಒಂದೇ ಲೀಟರ್ ನೀರು," ಎಂದ ನಾಲ್ಕಕ್ಷರ, ಪರದೆಯಿಂದ ಕಣ್ಣು ಕೀಳದೆ. "ನಾಲ್ಕು ಸಾವಿರದ ಇನ್ನೂರು ಬಗೆ ಇದೆ ಮೇಡಂ. ಅದರಲ್ಲಿ ಅರ್ಧಕ್ಕರ್ಧ ಯಾರೂ ಹೆಸರಿಡದೇ ಇರೋವು."

ಮೇಡಂ ಎಂದರೆ ಪ್ರಯೋಗಾಲಯದ ಮುಖ್ಯಸ್ಥೆ. ಮಾತು ಕಡಿಮೆ, ಪೆನ್ನಿನ ಮುಚ್ಚಳ ಕಚ್ಚುವುದು ಜಾಸ್ತಿ. ಅವತ್ತು ಅವರೂ ಮುಚ್ಚಳ ಬಿಟ್ಟು, "ಇನ್ನೊಂದು ಸಲ ಹೇಳಿ" ಎಂದರು. ಅವನು ಹೇಳಿದ. ಸೋಸಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ತಾನು ಕೈಯಾರೆ ಸೋಸಿದ ಒಂದು ಲೀಟರಿನಲ್ಲಿ ಒಂದು ಪಟ್ಟಣಕ್ಕೆ ಸಾಕಾಗುವಷ್ಟು ಬಗೆಯ ಜನ! ಬೇಸಿಗೆಗೆ ಒಂದು ಗುಂಪು ಏಳುತ್ತದೆ, ಮಳೆ ಬಂದರೆ ಅದು ಮುಳುಗಿ ಇನ್ನೊಂದು ಏಳುತ್ತದೆ. ತಿಂಗಳು ತಿಂಗಳಿಗೂ ಪರದೆಯ ಬಣ್ಣ ಬದಲಾಗುತ್ತಿದ್ದುದನ್ನು ಅವಳು ಬಾಯಿ ತೆರೆದುಕೊಂಡು ನೋಡಿದಳು.

ಆಮೇಲೆ ನಾಲ್ಕಕ್ಷರ ಇನ್ನೊಂದು ಪಟ್ಟಿ ತೆರೆದು ಎರಡು ಸಲ ನೋಡಿದ. ಎದ್ದು ಹೋಗಿ ಮೇಡಂ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ಗಾಜಿನ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಯ ಮೇಲೆ ಸೋಸಕ್ಕನಿಗೆ ಕರೆ ಬಂತು.

"ಖಾಲಿ ಸೀಸೆಗಳು ಖಾಲಿ ಇಲ್ಲ, ಸೋಸಕ್ಕ," ಎಂದರು ಮೇಡಂ. "ಮುಕ್ಕಾಲು ಪಾಲು ಸೀಸೆಗಳಲ್ಲಿ ಬ್ಯಾಕ್ಟೀರಿಯಾ ಇದೆ."

ಖಾಲಿ ಸೀಸೆ ಸೋಸಕ್ಕನ ಕೈಯ ಪರೀಕ್ಷೆ. ನಿಯಮದ ಹಾಳೆಯಲ್ಲಿ ಬರೆದಿರುವುದು ಹೀಗೆ: ನೀರು ಸೋಸುವ ಮೊದಲು ಬಟ್ಟಲು, ಕೊಳವೆ ಎಲ್ಲ ತೊಳೆ, ತೊಳೆದ ಮೇಲೆ ಕಾರ್ಖಾನೆಯಿಂದ ಕ್ಯಾನಿನಲ್ಲಿ ಬರುವ ಶುದ್ಧ ನೀರನ್ನು ಅವುಗಳೊಳಗೆ ಹಾಯಿಸಿ ಒಂದು ಸೀಸೆಗೆ ಹಿಡಿ, ಅದರ ಮೇಲೆ 'ಖಾಲಿ' ಎಂದು ಬರೆದು ಫ್ರೀಜರಿನಲ್ಲಿಡು. ಆ ಸೀಸೆಯನ್ನು ಪ್ರಯೋಗಾಲಯದಲ್ಲಿ ಇನ್ನೂ ಸಣ್ಣ ತೂತಿನ ಪೊರೆಯಲ್ಲಿ ಹಿಂಡಿ, ಏನಾದರೂ ಉಳಿಯುತ್ತದೆಯೇ ನೋಡುತ್ತಾರೆ. ಆ ಪೊರೆಯಲ್ಲಿ ನೀರು ಉಪ್ಪು ಬಿಟ್ಟರೆ ಬೇರೇನೂ ತೂರುವುದಿಲ್ಲ. ಏನೂ ಉಳಿಯದಿದ್ದರೆ ತೊಳೆದದ್ದು ಸರಿ. ಉಳಿದರೆ ಆ ತಿಂಗಳ ನೀರಿನಲ್ಲಿ ಕಂಡ ನಾಲ್ಕು ಸಾವಿರ ಬಗೆಯೂ ಸಮುದ್ರದ್ದೋ ತೊಳೆಯದ ಬಟ್ಟಲಿನದ್ದೋ ಎಂದು ಯಾರೂ ಆಣೆ ಇಟ್ಟು ಹೇಳುವಂತಿಲ್ಲ.

"ನಮ್ಮ ಕೆಲಸದ ಮೇಲುಸ್ತುವಾರಿ ಸಮಿತಿಗೆ ಹೇಳಲೇಬೇಕಿತ್ತು, ಹೇಳಿದ್ದೀನಿ," ಎಂದರು ಮೇಡಂ. "ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಫ್ರೀಜರ್ ಖಾಲಿ ಮಾಡಿಕೊಡಬೇಕಂತೆ. ಇನ್ನೊಂದು ತಂಡ ಜಾಗಕ್ಕೆ ಕಾಯ್ತಾ ಇದೆ. ಅಲ್ಲೀವರೆಗೂ ನೀವು ಏನನ್ನೂ ಮುಟ್ಟೋ ಹಾಗಿಲ್ಲ. ಇದು ನನ್ನ ಮಾತಲ್ಲ, ಅವರ ಮಾತು."

ಎರಡು ವರ್ಷದ ಕೆಲಸ ಕಸದ ಚೀಲಕ್ಕೆ. ಕಾರಣ ಸೋಸಕ್ಕನ ಕೊಳಕು ಕೈ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅದೇ ಇನ್ನೂ ಉರಿಯಿತು. ಉಪಕರಣ ತೊಳೆಯುವುದರಲ್ಲಿ ಅವಳಷ್ಟು ಹಟಮಾರಿ ಇನ್ನೊಬ್ಬಳಿರಲಿಲ್ಲ. ಆಸಿಡ್‌ನಲ್ಲಿ ನೆನೆಸಿ, ಏಳು ಸಲ ಜಾಲಿಸಿ, ಎಂಟನೆಯ ಸಲ ಬೆಳಕಿಗೆ ಹಿಡಿದು ನೋಡದೆ ಬಟ್ಟಲನ್ನು ಕೆಳಗಿಡುವವಳಲ್ಲ ಅವಳು.

ಮಂಗಳವಾರ ಅವಳು ಸುಮ್ಮನೆ ಬೆಂಚಿನ ಮೇಲೆ ಕೂತಿದ್ದಾಗ ನಾಲ್ಕಕ್ಷರ ಕೈ ತೊಳೆಯುವ ನೆಪದಲ್ಲಿ ಹತ್ತಿರ ಬಂದ.

"ಅಕ್ಕ, ನಿಮಗೆ ಏನನ್ನೂ ತೋರಿಸಬಾರದು ಅಂದಿದ್ದಾರೆ. ತೋರಿಸಲ್ಲ. ಹೇಳ್ತೀನಿ ಅಷ್ಟೆ," ಎಂದು ನಲ್ಲಿಯ ಕಡೆ ಮುಖ ಮಾಡಿಕೊಂಡೇ ಮಾತಾಡಿದ. "ಖಾಲಿ ಸೀಸೇಲಿರೋದು ಮನುಷ್ಯರ ಕೈ ಕೊಳೆ ಅಲ್ಲ. ಸಮುದ್ರದ್ದೇ. ಬೇಸಿಗೇಲಿ ಒಂದು ಬಗೆ, ಮಳೆಗಾಲದಲ್ಲಿ ಇನ್ನೊಂದು. ಅಂದ್ರೆ ಬಟ್ಟಲಲ್ಲಿ ಸಮುದ್ರದ ನೀರು ಉಳ್ಕೊಂಡಿದೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ."

"ನಾನು ತೊಳೆದಿದ್ದೀನಿ ಕಣಪ್ಪ."

"ಅದೇ ನನ್ನ ತಲೆ ತಿಂತಾ ಇರೋದು. ತೊಳೆಯದೇ ಉಳಿದಿದ್ರೆ, ಹಾಳೆ ಮೇಲೆ ಯಾವುದು ಹೆಚ್ಚಿಗೆ ಇತ್ತೋ ಅದೇ ಇಲ್ಲೂ ಹೆಚ್ಚಿಗೆ ಇರಬೇಕಲ್ವಾ? ಅವು ಇಲ್ಲವೇ ಇಲ್ಲ. ಇಲ್ಲಿರೋದು ಬೇರೇನೇ ಮಂದಿ. ಹಾಳೆ ಮೇಲೆ ಕಾಣಿಸದೇ ಇರೋವು. ಎಲ್ಲಿಂದ ಬಂದ್ವೋ ನನಗಂತೂ ಬಗೆಹರೀತಿಲ್ಲ."

ಅವನು ಕೈ ಒರೆಸಿಕೊಂಡು ಹೋದ. ಎಲ್ಲಿಂದ ಬಂದವು ಎಂದು ಇಡೀ ಕಟ್ಟಡದಲ್ಲಿ ಸೋಸಕ್ಕನೊಬ್ಬಳಿಗೆ ಮಾತ್ರ ಗೊತ್ತಿತ್ತು.

ನಡೆದದ್ದು ಇಷ್ಟು. ಮೊದಲ ಐದು ತಿಂಗಳು ಅವಳು ನಿಯಮದ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು ಅದರಂತೆಯೇ ನಡೆದಳು. ಆರನೆಯ ತಿಂಗಳು ಶುದ್ಧ ನೀರಿನ ಕ್ಯಾನು ಒಂಬತ್ತು ದಿನ ತಡವಾಯಿತು. ದೋಣಿ ಬಂತು, ಸಮುದ್ರದ ನೀರು ಬಂತು, ಕ್ಯಾನು ಬರಲಿಲ್ಲ. ತಂದ ನೀರನ್ನು ಹಾಗೇ ಇಟ್ಟರೆ ಅದರೊಳಗಿನವು ಒಂದನ್ನೊಂದು ತಿಂದು ಮುಗಿಸುತ್ತವೆ. ಅವಳಿಗೆ ಹೊಳೆಯಿತು: ಸತ್ತ ನೀರು ಇದೆಯಲ್ಲ? ಉಪ್ಪೂ ಅದೇ, ಬಣ್ಣವೂ ಅದೇ, ಜೀವ ಮಾತ್ರ ಇಲ್ಲ. ಖಾಲಿ ಎಂದರೆ ಇದಕ್ಕಿಂತ ಖಾಲಿ ಇನ್ನೇನು ಬೇಕು? ಮೊದಲು ನೀರು ಸೋಸಿ, ಬಟ್ಟಲು ಕೊಳವೆಗಳನ್ನು ಮತ್ತೆ ತೊಳೆದು, ಕೆಳಗಿಳಿದ ಆ ನೀರನ್ನೇ ಅವುಗಳಲ್ಲಿ ಹಾಯಿಸಿ ಸೀಸೆಗೆ ಹಿಡಿದಳು. ಮುಂದಿನ ತಿಂಗಳು ಕ್ಯಾನು ಹೊತ್ತಿಗೆ ಸರಿಯಾಗಿ ಬಂತು. ಆದರೆ ಇಪ್ಪತ್ತು ಲೀಟರಿನ ಅದು ಇದ್ದದ್ದು ಮೇಲಿನ ಕಟ್ಟಡದಲ್ಲಿ, ಕೋಣೆ ಇರುವುದು ಕೆಳಗೆ ಜೆಟ್ಟಿಯಲ್ಲಿ, ನಡುವೆ ತೊಂಬತ್ತೆರಡು ಮೆಟ್ಟಿಲು. ಅವಳ ಸೊಂಟಕ್ಕೂ ಆ ಮೆಟ್ಟಿಲುಗಳಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಒಂದು ತಿಂಗಳಿನದು ರೂಢಿಯಾಯಿತು, ರೂಢಿಯಾದದ್ದು ನಿಯಮದಷ್ಟೇ ಗಟ್ಟಿಯಾಯಿತು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟಲ್ಲೇ ಹೊಸ್ತಿಲ ಮೇಲೆ ಕೂತಳು. ಗಂಡ ಹಡಗಿನ ಎಂಜಿನ್ ಮೆಕ್ಯಾನಿಕ್, ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ಮನೆಯಲ್ಲಿರುವುದು ಅವಳು ಮತ್ತು ಅತ್ತೆ. ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿ ಆಗಿದ್ದವರು. ಬಿಳಿ ಹಾಸಿಗೆ ಬಟ್ಟೆಯ ಮೇಲೆ ಸಾಸಿವೆಯಷ್ಟು ಕಲೆ ಉಳಿದರೂ ಅವರ ಕಣ್ಣು ತಪ್ಪುತ್ತಿರಲಿಲ್ಲ. ಜಗತ್ತಿನಲ್ಲಿ ಸ್ವಚ್ಛವಾಗಿ ತೊಳೆಯಬಲ್ಲವರು ಇಬ್ಬರೇ, ತಾನು ಮತ್ತು ತನ್ನ ಸೊಸೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ಸೋಮವಾರದ ಸುದ್ದಿ ಕೇಳಿದಾಗಿನಿಂದ ಅವರು ಮೈಮೇಲೆ ಬಂದವರಂತೆ ಓಡಾಡುತ್ತಿದ್ದರು.

"ನಾಳೆ ನಾನೇ ಬರ್ತೀನಿ. ನನ್ನ ಸೊಸೆ ಕೈ ಕೊಳಕು ಅಂದವರು ಯಾರು ಅಂತ ಮುಖ ನೋಡ್ಬೇಕು ನನಗೆ," ಎಂದರು ಅತ್ತೆ.

"ಬೇಡ ಅತ್ತೆ. ತಪ್ಪು ನಂದೇ." ಸೋಸಕ್ಕ ತಲೆ ತಗ್ಗಿಸಿಕೊಂಡು ಕ್ಯಾನು, ಮೆಟ್ಟಿಲು, ಸತ್ತ ನೀರು ಎಲ್ಲ ಹೇಳಿದಳು. "ಇದನ್ನ ಹೇಳಿದ್ರೆ ನಿಯಮ ಮುರಿದವಳು ಅಂತ ಕೆಲಸದಿಂದ ತೆಗೀತಾರೆ. ಹೇಳದೇ ಇದ್ರೆ ಕೊಳಕು ಕೈ ಅನ್ನೋ ಹೆಸರು ಉಳಿಯುತ್ತೆ. ಕೆಲಸ ಮಾತ್ರ ಹೇಗೋ ನಡೆಯುತ್ತೆ."

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು.

"ಅಂದ್ರೆ ನೀನು ಕೊಳಕಲ್ಲ. ಸೋಮಾರಿ."

"ಹೂಂ ಅತ್ತೆ."

"ಅಷ್ಟೇ ತಾನೇ? ಹೋಗಿ ಅದನ್ನೇ ಹೇಳು. ಸೋಮಾರಿ ಅನ್ನಿಸ್ಕೊಂಡು ಮನೆಗೆ ಬಾ, ಊಟ ಹಾಕ್ತೀನಿ. ಕೊಳಕು ಅನ್ನಿಸ್ಕೊಂಡು ಮಾತ್ರ ಬರಬೇಡ." ಇಷ್ಟು ಹೇಳಿ ಅವರು ಒಳಗೆ ಹೋದರು. ಸೋಸಕ್ಕನಿಗೆ ನಾಲ್ಕು ದಿನದ ಜ್ವರ ಬಿಟ್ಟಷ್ಟು ಹಗುರವಾಯಿತು. ಅವತ್ತು ಎರಡು ಸಲ ಬಡಿಸಿಕೊಂಡು ಉಂಡಳು.

ಬುಧವಾರ ಬೆಳಿಗ್ಗೆ ಗಾಜಿನ ಕೋಣೆಗೆ ಹೋಗಿ ಒಂದೇ ಉಸಿರಿಗೆ ಹೇಳಿಬಿಟ್ಟಳು. ಮೇಡಂ ಹಲ್ಲಿನ ನಡುವೆ ಪೆನ್ನಿನ ಮುಚ್ಚಳ ಕಟಕಟ ಎನ್ನುತ್ತಿತ್ತು.

"ನಿಮ್ಮನ್ನ ನಂಬಿ ನಾನು ಒಂದು ದಿನವೂ ಕೆಳಗಿಳಿದು ಬಂದು ನೋಡಲಿಲ್ಲ, ಸೋಸಕ್ಕ," ಎಂದರು ಕೊನೆಗೆ. ದನಿ ಏರಿರಲಿಲ್ಲ, ಅದಕ್ಕೇ ಹೆಚ್ಚು ತಾಕಿತು. "ಈಗ ಶುಕ್ರವಾರಕ್ಕೆ ಎರಡು ದಿನ ಇರುವಾಗ ನೀವು ಬಂದು ಒಂದು ಕಥೆ ಹೇಳಿದ್ರೆ ಸಮಿತಿ ನಂಬುತ್ತಾ? ನಾನಾದ್ರೂ ಹೇಗೆ ನಂಬಲಿ?"

ಆಮೇಲೆ ಅವರು ಖಾಲಿ ಕಾಗದವೊಂದನ್ನು ಅವಳ ಮುಂದೆ ತಳ್ಳಿದರು. "ಒಂದರಿಂದ ಇಪ್ಪತ್ತನಾಲ್ಕು ಬರೀರಿ. ಯಾವ ತಿಂಗಳು ಶುದ್ಧ ನೀರು, ಯಾವ ತಿಂಗಳು ಸತ್ತ ನೀರು, ಎದುರಿಗೆ ಬರೀರಿ. ಯಾವ ಸೀಸೆ ಖಾಲಿ ಬಂತು ಅಂತ ನಿಮಗೆ ಯಾರೂ ಹೇಳಿಲ್ಲ ತಾನೇ?"

"ಇಲ್ಲ ಮೇಡಂ."

ಸೋಸಕ್ಕ ಬರೆದಳು. ಎಲ್ಲೂ ತಡೆಯಲಿಲ್ಲ. ನಾಲ್ಕಕ್ಷರನನ್ನು ಕರೆಸಿದರು. ಅವನು ತನ್ನ ಲ್ಯಾಪ್‌ಟಾಪ್ ತೆರೆದು, ಪರದೆ ಅವಳಿಗೆ ಕಾಣದಂತೆ ತಿರುಗಿಸಿ ಕೂತ. ಮೇಡಂ ಕಾಗದ ಹಿಡಿದು ಒಂದೊಂದಾಗಿ ಓದಿದರು.

"ಒಂದರಿಂದ ಐದು, ಶುದ್ಧ ನೀರು."

"ಐದೂ ಖಾಲಿ ಮೇಡಂ."

"ಆರು, ಸತ್ತ ನೀರು."

"ಇದೆ. ತುಂಬಾ ಇದೆ."

ಏಳು, ಎಂಟು, ಒಂಬತ್ತು, ಹತ್ತು. ಪ್ರತಿಯೊಂದಕ್ಕೂ ಇದೆ, ಇದೆ ಎನ್ನುತ್ತಾ ಹೋದ ನಾಲ್ಕಕ್ಷರನ ದನಿ ನಿಧಾನವಾಗಿ ಏರುತ್ತಿತ್ತು.

"ಹನ್ನೊಂದು," ಎಂದು ಮೇಡಂ ನಿಂತರು. "ಹನ್ನೊಂದಕ್ಕೆ ಶುದ್ಧ ನೀರು ಅಂತ ಬರೆದಿದ್ದೀರಿ. ಹಿಂದೆ ಮುಂದೆ ಎಲ್ಲ ಸತ್ತ ನೀರು, ಇದೊಂದೇ ಹೀಗೆ. ತಪ್ಪಿ ಬರೆದಿರೇನು?"

"ಇಲ್ಲ ಮೇಡಂ. ಅವತ್ತು ಸಮಿತಿಯವರು ಕೆಲಸ ನೋಡೋಕೆ ಬಂದಿದ್ರಲ್ಲ. ಮೂರು ಜನ ಕೈಕಟ್ಟಿಕೊಂಡು ನನ್ನ ಹಿಂದೇನೇ ನಿಂತಿದ್ರು. ಅವರ ಎದುರಿಗೆ ನಿಯಮ ಮುರಿಯೋಕಾಗುತ್ತಾ? ಕ್ಯಾನು ಹೊತ್ಕೊಂಡು ಇಳಿದೆ. ಆಮೇಲೆ ನಾಲ್ಕು ದಿನ ಸೊಂಟ ಹಿಡ್ಕೊಂಡಿತ್ತು."

ನಾಲ್ಕಕ್ಷರ ಕುರ್ಚಿಯಿಂದ ಎದ್ದೇ ಬಿಟ್ಟ. "ಹನ್ನೊಂದು ಖಾಲಿ ಮೇಡಂ. ಐದಾದ ಮೇಲೆ ಆ ಒಂದು ತಿಂಗಳು ಮಾತ್ರ ಅಕ್ಕ ಸರಿಯಾಗಿ ತೊಳೆದಿದ್ರು ಅಂತ ನಾವು ವರದೀಲಿ ಬರೆದಿದ್ವಿ."

ಉಳಿದ ಹದಿಮೂರನ್ನು ಮೇಡಂ ಓದಿದ್ದು ನಿಂತುಕೊಂಡೇ. ಒಂದೂ ತಪ್ಪಲಿಲ್ಲ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು. ಶುದ್ಧ ನೀರು ಹಾಕಿದ ಆರು ಸೀಸೆಗಳೂ ಖಾಲಿ, ಅಂದರೆ ಸೋಸಕ್ಕ ಬಟ್ಟಲು ತೊಳೆದದ್ದು ಸರಿಯಾಗಿಯೇ ಇತ್ತು. ಸತ್ತ ನೀರು ಹಾಕಿದ ಹದಿನೆಂಟರಲ್ಲೂ ಜನ ಒಕ್ಕಲು ಹೂಡಿದ್ದರು. ಮೇಡಂ ಕೂತರು, ಮತ್ತೆ ಎದ್ದರು, ಕಿಟಕಿಯವರೆಗೆ ಹೋಗಿ ಬಂದರು. ಅವರ ಕಿವಿ ಕೆಂಪಗಾಗಿತ್ತು.

"ತೂರಿ ಬಂದಿವೆ," ಎಂದರು. "ಫಿಲ್ಟರ್ ತೂತಿಗಿಂತ ಸಣ್ಣವು ಸಮುದ್ರದಲ್ಲಿ ಇರಬಹುದು ಅಂತ ಅಲ್ಲೊಬ್ಬರು ಇಲ್ಲೊಬ್ಬರು ಬರೆದಿದ್ದಾರೆ. ಆದ್ರೆ ಕೆಳಗಿಳಿದ ನೀರನ್ನ ನಾವೆಲ್ಲ ಚೆಲ್ತೀವಿ. ಒಂದೇ ಜಾಗದಿಂದ ತಿಂಗಳು ತಿಂಗಳೂ ಅದನ್ನ ಹಿಡಿದು ಫ್ರೀಜರಿನಲ್ಲಿ ಇಟ್ಟವರನ್ನ ನಾನಂತೂ ಕಂಡಿಲ್ಲ. ಹದಿನೆಂಟು ತಿಂಗಳು, ಸೋಸಕ್ಕ! ಗೊತ್ತಿಲ್ಲದೇ ಹದಿನೆಂಟು ತಿಂಗಳು ಹಿಡಿದಿಟ್ಟಿದ್ದೀರಿ ನೀವು."

ಸೋಸಕ್ಕ ಬೈಗುಳವೋ ಹೊಗಳಿಕೆಯೋ ತಿಳಿಯದೆ ಪಿಳಿಪಿಳಿ ಕಣ್ಣುಬಿಟ್ಟಳು. ಅಷ್ಟರಲ್ಲಿ ಮೇಡಂ ಮುಖ ಗಂಭೀರವಾಯಿತು. "ಇಷ್ಟಕ್ಕೇ ಕುಣಿಯೋ ಹಾಗಿಲ್ಲ. ದೊಡ್ಡ ಜೀವಿಗಳೇ ಒಡೆದುಹೋಗಿ, ಅವುಗಳ ಡಿಎನ್‌ಎ ಚೂರು ನೀರಿನಲ್ಲಿ ಕರಗಿ ಕೆಳಗಿಳಿದಿದ್ರೆ? ಸಮಿತಿ ಮೊದಲು ಕೇಳೋದೇ ಅದನ್ನ. ಇಡೀ ಜೀವಿ ತೂರಿ ಬಂದಿದೆ ಅಂತ ಶುಕ್ರವಾರ ಹನ್ನೆರಡರೊಳಗೆ ತೋರಿಸ್ಬೇಕು. ದೋಣಿಯವನಿಗೆ ಫೋನ್ ಮಾಡಿ."

ಗುರುವಾರ ಬೆಳಿಗ್ಗೆ ಏಳಕ್ಕೆ ಹೊಸ ನೀರು ಬಂತು. ಸೋಸಕ್ಕ ಏನನ್ನೂ ಮುಟ್ಟಬಾರದು ಎಂಬ ಅಪ್ಪಣೆ ಇನ್ನೂ ಇತ್ತಲ್ಲ, ಹಾಗಾಗಿ ಸೋಸಲು ಕೂತವರು ಸ್ವತಃ ಮೇಡಂ. ಅವರು ಚಿಮುಟ ಹಿಡಿದು ಹದಿನೈದು ವರ್ಷವಾಗಿತ್ತು. ಸೋಸಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತಳು. ಮೊದಲ ಹಾಳೆ ಹರಿದೇ ಹೋಯಿತು.

"ಅಂಚಲ್ಲಿ ಹಿಡೀರಿ ಮೇಡಂ. ಮಧ್ಯಕ್ಕೆ ಚಿಮುಟ ತಾಕಿದ್ರೆ ಮುಗೀತು."

"ಅಂಚಲ್ಲೇ ಹಿಡಿದಿದ್ದೆ."

"ಇಲ್ಲ ಮೇಡಂ, ಮಧ್ಯದಲ್ಲಿ ಹಿಡಿದಿದ್ರಿ."

ಎರಡನೆಯದೂ ಹರಿಯಿತು. ನಾಲ್ಕಕ್ಷರ ನಗು ತಡೆಯಲಾರದೆ ಕಿಟಕಿಯಾಚೆ ನೋಡಿದ. ಸೋಸಕ್ಕನ ಬೆರಳುಗಳು ಬೆನ್ನ ಹಿಂದೆ ತಾವಾಗಿಯೇ ಚಿಮುಟ ಹಿಡಿದಂತೆ ಆಡುತ್ತಿದ್ದವು. ಮೂರನೆಯ ಹಾಳೆ ನೆಟ್ಟಗೆ ಕೂತಿತು. ಪಂಪು ಶುರುವಾಗಿ ನೀರು ತೊಟ್ಟಿಕ್ಕತೊಡಗಿದಾಗ ಮೇಡಂ ಹಣೆಯ ಬೆವರು ಒರೆಸಿಕೊಂಡು, "ಹನ್ನೊಂದು ವರ್ಷ ಇದನ್ನ ಹೇಗೆ ಮಾಡಿದ್ರಿ?" ಎಂದರು. ಆ ವಾರದಲ್ಲಿ ಸೋಸಕ್ಕನಿಗೆ ಸಿಕ್ಕ ಮೊದಲ ಒಳ್ಳೆಯ ಮಾತು ಅದು.

ಮೂರು ಸೀಸೆ ತಯಾರಾದವು. ಮೊದಲನೆಯದರಲ್ಲಿ ಕ್ಯಾನಿನ ಶುದ್ಧ ನೀರು. ಎರಡನೆಯದರಲ್ಲಿ ಸತ್ತ ನೀರು. ಹಾಳೆ ಎಲ್ಲಾದರೂ ಸೋರಿದ್ದರೆ ಎಂಬ ಅನುಮಾನವೇ ಬೇಡವೆಂದು ಎರಡು ಹೊಸ ಹಾಳೆಗಳಲ್ಲಿ ಎರಡು ಸಲ ಸೋಸಿದ್ದು. ಮೂರನೆಯದರಲ್ಲೂ ಅದೇ ನೀರು, ಆದರೆ ಅದಕ್ಕೆ ಬರಿ ಡಿಎನ್‌ಎಯನ್ನು ತಿಂದುಹಾಕುವ ಕಿಣ್ವ ಬೆರೆಸಿದರು. ನೀರಿನಲ್ಲಿ ಚೂರುಪಾರಾಗಿ ತೇಲುವುದನ್ನೆಲ್ಲ ಆ ಕಿಣ್ವ ನುಂಗುತ್ತದೆ. ಮೈಮೇಲೆ ಪೊರೆ ಇರುವ ಇಡೀ ಜೀವಿಯೊಳಗಿನ ಡಿಎನ್‌ಎ ಮಾತ್ರ ಅದರ ಬಾಯಿಗೆ ಸಿಗುವುದಿಲ್ಲ. ಮೂರನೆಯ ಸೀಸೆ ಖಾಲಿ ಬಂದರೆ ಕಂಡದ್ದೆಲ್ಲ ಕಸ, ಸೋಸಕ್ಕನ ಎರಡು ವರ್ಷವೂ ಅದರ ಜೊತೆಗೆ ಕಸ. ತುಂಬಿ ಬಂದರೆ ತೂತಿನಲ್ಲಿ ತೂರಿ ಬಂದ ಜೀವಗಳು ನಿಜ. ಪೊರೆಯಲ್ಲಿ ಹಿಂಡಿ, ಡಿಎನ್‌ಎ ತೆಗೆದು, ಯಂತ್ರಕ್ಕೆ ಒಗ್ಗುವಂತೆ ಮಾಡುವಷ್ಟರಲ್ಲಿ ಗುರುವಾರ ಮುಗಿಯಿತು.

ಶುಕ್ರವಾರ ಎಂಟು ಗಂಟೆಗೆ ಮೂರನ್ನೂ ಅಂಗೈಯಗಲದ ಪುಟ್ಟ ಯಂತ್ರಕ್ಕೆ ಹಾಕಿದರು. ಅದು ಓದುತ್ತಿದ್ದಂತೆಯೇ ಲೆಕ್ಕ ಪರದೆಯ ಮೇಲೆ ಏರುತ್ತದೆ, ಕಾಯುವವರ ಜೀವ ಹಿಂಡುವುದಕ್ಕೆಂದೇ ಮಾಡಿದಂತೆ. ಎಂಟೂವರೆಗೆ ಮೂರು ಸೀಸೆಗೂ ಸೊನ್ನೆ. ಎಂಟೂ ಐವತ್ತಕ್ಕೆ ಎರಡನೆಯದರ ಎದುರು ಎಪ್ಪತ್ತು. ಮೂರನೆಯದು ಸೊನ್ನೆ.

"ಇನ್ನೂ ಶುರು ಈಗ," ಎಂದ ನಾಲ್ಕಕ್ಷರ, ಯಾರೂ ಕೇಳದಿದ್ದರೂ.

ಸೋಸಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಆ ಒಂದು ಸೊನ್ನೆಯನ್ನೇ ನೋಡಿದಳು. ಸೊನ್ನೆ ಹೋಗಿ ನಾಲ್ಕು ಆಯಿತು. ನಾಲ್ಕು ಹೋಗಿ ಹತ್ತೊಂಬತ್ತು. ಅವಳು ನಾಲ್ಕಕ್ಷರನ ತೋಳನ್ನು ಹಿಡಿದುಕೊಂಡದ್ದು ಅವಳಿಗೇ ಗೊತ್ತಾಗಲಿಲ್ಲ. ಅವನೂ ನೋವಾಗುತ್ತಿದೆ ಎನ್ನಲಿಲ್ಲ. ಹತ್ತು ಗಂಟೆಗೆ ಎರಡನೆಯ ಸೀಸೆ ಎರಡು ಸಾವಿರ ದಾಟಿತು, ಮೂರನೆಯದು ಸಾವಿರ. ಮೊದಲನೆಯದರ ಎದುರು ಹದಿಮೂರು. ಅವೂ ರಾಸಾಯನಿಕಗಳ ಡಬ್ಬಿಯಲ್ಲೇ ಬರುವ, ಎಲ್ಲ ಪ್ರಯೋಗಾಲಯದವರಿಗೂ ಪರಿಚಯದ ಮಾಮೂಲಿ ಕೊಳೆ.

"ಅರ್ಧ ಕಸ, ಅರ್ಧ ಜೀವ," ಎಂದರು ಮೇಡಂ. "ಯಾವ ಜೀವ ಅಂತ ನೋಡಿ. ಹೋದ ವರ್ಷ ಇದೇ ತಿಂಗಳ ಖಾಲಿ ಸೀಸೆ ಪಕ್ಕದಲ್ಲಿಟ್ಟು ನೋಡಿ."

ಹೋಲಿಸಿ ನೋಡುವುದಕ್ಕೆ ಕಂಪ್ಯೂಟರ್ ಒಂದು ಗಂಟೆ ತೆಗೆದುಕೊಂಡಿತು. ಹನ್ನೊಂದೂಕಾಲಿಗೆ ಇನ್ನೊಂದು ತಂಡದ ನೌ‌ಕರನೊಬ್ಬ ಟ್ರಾಲಿಯಲ್ಲಿ ಪೆಟ್ಟಿಗೆ ಪೇರಿಸಿಕೊಂಡು ಬಂದು ಫ್ರೀಜರ್ ಪಕ್ಕ ನಿಂತ. ಹನ್ನೆರಡಕ್ಕೆ ಜಾಗ ಸಿಗುತ್ತಂತಲ್ಲ ಎಂದು ಕೇಳಿದ. ಸೋಸಕ್ಕ ಅವನ ಕಡೆ ನೋಡಿದ ನೋಟಕ್ಕೆ ಅವನು ಟ್ರಾಲಿಯನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡ.

ಹನ್ನೊಂದೂ ಇಪ್ಪತ್ತಕ್ಕೆ ಎರಡು ಪಟ್ಟಿಗಳು ಪಕ್ಕಪಕ್ಕ ಬಂದವು. ಎಡಗಡೆ ಹೋದ ವರ್ಷದ ಹದಿಮೂರನೆಯ ಖಾಲಿ ಸೀಸೆ, ಬಲಗಡೆ ನಿನ್ನೆಯ ಮೂರನೆಯದು. ನಾಲ್ಕಕ್ಷರ ಬೆರಳಿಟ್ಟು ಸಾಲು ಸಾಲಾಗಿ ಇಳಿದ. ಇದು ಇದೆ, ಇದೂ ಇದೆ, ಇದೂ ಇದೆ. ನೂರಕ್ಕೆ ತೊಂಬತ್ತೊಂದು ಅವೇ. ಅವುಗಳಲ್ಲಿ ಬಹುಪಾಲಿಗೆ ಯಾವ ಪುಸ್ತಕದಲ್ಲೂ ಹೆಸರಿರಲಿಲ್ಲ. ಒಂದು ವರ್ಷ ಕಳೆದು ಅದೇ ತಿಂಗಳಿಗೆ ಸರಿಯಾಗಿ ಹಿಂದಿರುಗಿದ್ದವು, ಮೈ ತುಂಬ ಪೊರೆ ಹೊದ್ದು, ಇಡಿಯಾಗಿ.

ನಾಲ್ಕಕ್ಷರ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಸುಮ್ಮನೆ ನಕ್ಕ. ಮೇಡಂ ಫೋನ್ ತೆಗೆದು ಸಮಿತಿಯ ಹಿರಿಯರಿಗೆ ಕರೆ ಮಾಡಿದರು. ಸಡಗರದಲ್ಲಿ ಸ್ಪೀಕರ್ ಒತ್ತಿದ್ದು ಅವರ ಗಮನಕ್ಕೆ ಬರಲಿಲ್ಲ. ಅವರು ಹೇಳಿದ್ದನ್ನೆಲ್ಲ ಆ ಕಡೆಯಿಂದ ಹೂಂ, ಹೂಂ ಎನ್ನುತ್ತಾ ಕೇಳಿಸಿಕೊಂಡ ದನಿ, ಫ್ರೀಜರ್ ಸದ್ಯಕ್ಕೆ ಹಾಗೇ ಇರಲಿ ಎಂದಿತು. ಆಮೇಲೆ ಕೇಳಿತು.

"ಅಂದ್ರೆ ನಿಮ್ಮ ನೀರು ಸೋಸೋರದ್ದು ಏನೂ ತಪ್ಪಿಲ್ಲ ಅಂತೀರಾ?"

ಸೋಸಕ್ಕ ಮೈಯೆಲ್ಲ ಕಿವಿಯಾದಳು. ಮೇಡಂ ಅವಳ ಮುಖ ನೋಡಿದರು.

"ತಪ್ಪು ಮಾಡಿದ್ದಾರೆ," ಎಂದರು. "ಒಂದು ತಿಂಗಳಲ್ಲ, ಹದಿನೆಂಟು ತಿಂಗಳು. ತಾವೇ ಬಂದು ಒಪ್ಪಿಕೊಂಡಿದ್ದಾರೆ. ನಮ್ಮ ಪ್ರಬಂಧದಲ್ಲೂ ಹಾಗೇ ಬರೀತೀನಿ, ಲೇಖಕರ ಸಾಲಿನಲ್ಲಿ ಅವರ ಹೆಸರೂ ಬರೀತೀನಿ. ನನಗೆ ಅವರ ಮೇಲೆ ಸಿಟ್ಟಿರೋದು ಬೇರೆ ಕಾರಣಕ್ಕೆ."

"ಯಾವ ಕಾರಣಕ್ಕೆ?"

"ಉಳಿದ ಆರು ತಿಂಗಳು ನಿಯಮ ಪಾಲಿಸಿಬಿಟ್ಟಿದ್ದಾರೆ ಸರ್. ಆವಾಗಲೂ ಇದೇ ತಪ್ಪು ಮಾಡಿದ್ದಿದ್ರೆ ಎರಡು ವರ್ಷ ಪೂರ್ತಿ ಸಿಕ್ತಿತ್ತು."

ಸೋಮವಾರದಿಂದ ಒಂದು ಹನಿಯೂ ಕಣ್ಣಲ್ಲಿ ತರದಿದ್ದ ಸೋಸಕ್ಕ ಹತ್ತಿರದ ಸ್ಟೂಲಿನ ಮೇಲೆ ಕುಸಿದು ಕೂತು ಗಳಗಳ ಅತ್ತುಬಿಟ್ಟಳು. ಅಳುತ್ತಲೇ ಮೂಗು ಒರೆಸಿಕೊಂಡು, ಆರರಲ್ಲಿ ಒಂದು ತಿಂಗಳು ಮಾತ್ರ ಸಮಿತಿಯವರ ತಪ್ಪು, ಅದನ್ನೂ ಬರೀಬೇಕು ಮೇಡಂ ಎಂದಳು.